ಧನ್ಯವಾದ ಸಮರ್ಪಣೆಯವರೆಗೆ

ಬಿಳಿ ಕಾರು ಕೂಳೂರು ಸೇತುವೆಯ ಮೇಲೆ ನನ್ನ ಓಮ್ನಿ ವ್ಯಾನಿನ ಬಲಗಡೆಯ ಕನ್ನಡಿಯನ್ನು ಕಿತ್ತು ಹಾಕಿತು.

ಎಡಕ್ಕೆ ನದಿ. ಬಲಕ್ಕೆ ಕಾರು. ಎದುರಿಗೆ ಗ್ಯಾಸ್ ಟ್ಯಾಂಕರ್... ನಾನು ಬ್ರೇಕ್ ಒತ್ತಲಿಲ್ಲ. ಒತ್ತಿದ್ದರೆ ಆ ಕಾರು ಅಡ್ಡ ನಿಲ್ಲುತ್ತಿತ್ತು, ಕತೆ ಅಲ್ಲಿಗೇ ಮುಗಿಯುತ್ತಿತ್ತು. ಮುಗಿದಿದ್ದರೆ ಒಳ್ಳೆಯದಿತ್ತು ಎಂದು ಈಗ ಅನ್ನಿಸುತ್ತದೆ.

"ಕಾಸಿಮಣ್ಣ, ಯಾರದು?" ಪಕ್ಕದ ಸೀಟಿನಲ್ಲಿದ್ದ ರೂಪೇಶ್ ಕೇಳಿದ.

"ತಲೆ ತಗ್ಗಿಸು."

"ಎಂತಕ್ಕೆ ನಮ್ಮ ಹಿಂದೆ ಬಿದ್ದದ್ದು?"

"ನಿನ್ನ ಚೆಂಡು ಒದೆಯುವ ಕಾಲಿಗೆ. ಬೇರೆ ಯಾವುದೋ ಕ್ಲಬ್ಬಿನವರು. ನೀನು ಸಹಿ ಹಾಕುವ ಮೊದಲು ಎತ್ತಿಕೊಂಡು ಹೋಗ್ಲಿಕ್ಕೆ ಬಂದದ್ದು. ಫೋನ್ ಕೊಡು ಇಲ್ಲಿ. ಅದರಿಂದಲೇ ನೀನು ಎಲ್ಲಿದ್ದೀ ಅಂತ ಅವರಿಗೆ ಗೊತ್ತಾಗ್ತಾ ಉಂಟು."

ಕೊಟ್ಟ. ಮರುಮಾತಿಲ್ಲದೆ ಕೊಟ್ಟ. ನಾನು ಅದನ್ನು ಸೈಲೆಂಟ್ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡೆ.

ನಾನು ಹೇಳಿದ್ದರಲ್ಲಿ ಒಂದಕ್ಷರವೂ ನಿಜವಲ್ಲ.

ನನ್ನ ಹೆಸರು ಕಾಸಿಂ. ಜೆಪ್ಪು ರೋವರ್ಸ್ ಫುಟ್‌ಬಾಲ್ ಕ್ಲಬ್ಬಿಗೆ ಒಂದು ಕಾಲದಲ್ಲಿ ಗೋಲ್‌ಕೀಪರ್. ಈಗ ಅದೇ ಕ್ಲಬ್ಬಿನ ಎಲ್ಲ ಕೆಲಸದವ. ಮೈದಾನ ಸಿಗದಿದ್ದರೆ ಸಿಗುವಂತೆ ಮಾಡುವುದು, ರೆಫರಿಯ ಮೇಲೆ ಕೈ ಮಾಡಿದವನನ್ನು ಠಾಣೆಯಿಂದ ಬಿಡಿಸುವುದು, ಬಿಡಿಸಿ ತಂದ ಮೇಲೆ ನಾನೇ ಎರಡು ಬಿಗಿಯುವುದು. ಬೇರೆ ಕಡೆ ಇಂಥವನಿಗೆ ಮ್ಯಾನೇಜರ್ ಎನ್ನುತ್ತಾರೆ. ನಮ್ಮಲ್ಲಿ ಕಾಸಿಂ ಎನ್ನುತ್ತಾರೆ.

ನಂತೂರಿನಲ್ಲಿ ಕಾರು ಮತ್ತೆ ಹಿಂದೆ ಬಂತು. ನಾನು ಒಂದು ಫೋನ್ ಮಾಡಿದೆ.

"ಎಲ್ಲಿದ್ದಿ?"

"ಸರ್ಕಲ್ ಹತ್ರ. ಬಸ್ಸಲ್ಲಿ."

"ನಾನು ದಾಟಿದ ಕೂಡಲೇ ಬಸ್ ನಿಲ್ಲಿಸು. ಅಡ್ಡಕ್ಕೆ."

"ಅಲ್ಲಿ ಸ್ಟಾಪ್ ಇಲ್ಲ ಕಾಸಿಮಣ್ಣ."

"ನಿಮ್ಮ ಬಸ್ಸಿಗೆ ಯಾವತ್ತಿನಿಂದ ಸ್ಟಾಪ್ ಬೇಕಾಯ್ತು ಮಾರಾಯ?"

ನಾನು ದಾಟಿದೆ. ಹಿಂದೆ ಕಂಡಕ್ಟರ್ ಸೀಟಿ ಊದಿದ. ಸಿಟಿ ಬಸ್ಸು ರಸ್ತೆಗೆ ಅಡ್ಡಲಾಗಿ ಮಲಗಿತು. ಹಾರ್ನ್‌ಗಳ ಗದ್ದಲವೋ ಗದ್ದಲ! ಆ ಕಂಡಕ್ಟರ್ ನಮ್ಮ ಲೆಫ್ಟ್ ಬ್ಯಾಕ್. ಟೀಮಿನ ಅರ್ಧಕ್ಕರ್ಧ ಜನ ಹೀಗೆಯೇ. ಹಗಲು ಬಸ್ಸು, ಬಂದರು, ಮೀನಿಗೆ ಐಸು. ಸಂಜೆ ಚೆಂಡು. ಕ್ಲಬ್ಬು ಕೊಡುವುದರಲ್ಲಿ ಹೊಟ್ಟೆ ತುಂಬುವುದಿಲ್ಲ.

ರೂಪೇಶ್ ನಕ್ಕ. ಸೇತುವೆಯ ಹೆದರಿಕೆ ಅವನ ಮುಖದಿಂದ ಇಳಿದಿತ್ತು.

"ಅಲ್ಲ ಕಾಸಿಮಣ್ಣ, ಬಿಜೈಗೆ ಕುಂಟಿಕಾನದಲ್ಲೇ ತಿರುಗಬೇಕಿತ್ತಲ್ಲ? ಡುಲ್ಸಿನ್ ಮೇಡಂ ಅಲ್ಲಿ ಆಫೀಸಿಗೆ ಬರ್ಲಿಕ್ಕೆ ಹೇಳಿದ್ದಾರೆ. ಐದು ಗಂಟೆಗೆ ಕ್ಲೋಸ್ ಅಂತೆ."

"ಮೊದಲು ಜೆಪ್ಪು. ರಾಯರು ಒಂದು ಸಣ್ಣ ಸನ್ಮಾನ ಇಟ್ಟಿದ್ದಾರೆ, ನಿನ್ನನ್ನು ಕಳಿಸಿಕೊಡ್ಲಿಕ್ಕೆ. ನಿನ್ನ ಅಮ್ಮ ಆಗಲೇ ಬಂದು ಕೂತಾಯ್ತು, ನಿನಗೆ ಹೇಳಬೇಡಿ ಅಂತ ನಾನೇ ಹೇಳಿದ್ದು. ಅರ್ಧ ಗಂಟೆ. ಮತ್ತೆ ಬಿಜೈಗೆ ನಾನೇ ಬಿಡ್ತೇನೆ."

ಅವನು ನನ್ನ ಕಡೆ ತಿರುಗಿದ. ಆಮೇಲೆ ಮೆಲ್ಲಗೆ ಕೇಳಿದ.

"ಬಿಟ್ಟು ಹೋಗುವವನಿಗೆ ಸನ್ಮಾನವಾ?"

"ನಾವು ಹಾಗೇ" ಎಂದೆ.

ಅವನ ಕಣ್ಣು ಒದ್ದೆಯಾಗಿತ್ತು. ನನ್ನ ಕಿವಿ ಬಿಸಿಯಾಯಿತು. ರಸ್ತೆ ನೋಡಿದೆ.

ಈಗ ನಿಜ ಹೇಳುತ್ತೇನೆ, ಕೇಳಿ. ಆ ಬಿಳಿ ಕಾರನ್ನು ಓಡಿಸುತ್ತಿದ್ದವಳೇ ಡುಲ್ಸಿನ್. ಜೆಪ್ಪುವಿನ ಹುಡುಗಿ. ಶಾಲೆಯಲ್ಲಿ ನಮ್ಮ ಅಧ್ಯಕ್ಷ ಗೋಪಾಲಕೃಷ್ಣ ರಾಯರ ಬಳಿ ಲೆಕ್ಕ ಕಲಿತವಳು, ಈಗ ಆಟಗಾರರನ್ನು ದೊಡ್ಡ ಕ್ಲಬ್ಬುಗಳಿಗೆ ಸೇರಿಸುವ ಏಜೆಂಟ್. ರೂಪೇಶ್ ಅವಳನ್ನು ಫೋನಿನಲ್ಲಿ ಮಾತ್ರ ಬಲ್ಲ. ಅವನಿಗೆ ಅವಳು ಗೋವಾದ ಒಂದು ದೊಡ್ಡ ಕ್ಲಬ್ಬಿನಲ್ಲಿ ಜಾಗ ಮಾಡಿದ್ದಳು. ಆದರೆ ಆಟಗಾರರ ಹೆಸರು ನೋಂದಾಯಿಸುವ ಅವಧಿ ಆವತ್ತು ಸಂಜೆ ಐದಕ್ಕೆ ಮುಗಿಯುತ್ತಿತ್ತು. ಕಂಪ್ಯೂಟರಿನಲ್ಲಿ ಬಾಗಿಲು ಹಾಕಿದರೆ ಹಾಕಿದಂತೆಯೇ. ನಾನು ಏನಾದರೂ ಅಡ್ಡ ಹಾಕುತ್ತೇನೆ ಎಂಬ ಅವಳ ಸಂಶಯಕ್ಕೆ ಕಾರಣವಿತ್ತು, ನನ್ನನ್ನು ಬಲ್ಲವಳು. ಅದಕ್ಕೇ ರೂಪೇಶನ ಮನೆಯಿರುವ ಕೂಳೂರಿಗೇ ಬಂದಿದ್ದಳು. ನಾನು ಆಗಷ್ಟೇ ಅವನನ್ನು ಹತ್ತಿಸಿಕೊಂಡು ಹೊರಟಿದ್ದೆ.

ಅವಳು ಅವನನ್ನು ಹಿಡಿಯಲು ಬಂದವಳಲ್ಲ. ಹಿಡಿದವನು ನಾನು.

ಯಾಕೆ? ಕ್ಲಬ್ಬಿನ ಹತ್ತಿರ ಅವನನ್ನು ಉಳಿಸಿಕೊಳ್ಳುವ ಬೇರೆ ದಾರಿ ಇರಲಿಲ್ಲ. ಮೂರು ವರ್ಷದ ಕರಾರು ಮಾಡಬೇಕಾದರೆ ಮೂರು ವರ್ಷದ ಸಂಬಳ ತೋರಿಸಬೇಕು. ನಮಗೆ ತೋರಿಸಲು ಇದ್ದದ್ದು ತುಕ್ಕು ಹಿಡಿದ ಟ್ರೋಫಿಗಳು. ಹೋದ ವರ್ಷದ ಗೋಲ್‌ಕೀಪರ್ ಕಡಲಾಚೆ ದಮ್ಮಾಮಿನಲ್ಲಿ ಕಂಪನಿ ಟೀಮಿಗೆ ಆಡುತ್ತಿದ್ದಾನೆ. ಡಿಫೆನ್ಸಿನ ಸ್ಟಾಪರ್ ಕೇರಳದ ಸೆವೆನ್ಸ್‌ಗೆ, ಏಳು ಜನರ ಆಟಕ್ಕೆ, ಹೋದ. ಇಬ್ಬರೂ ಕ್ಲಬ್ಬಿಗೆ ಬಿಡಿಗಾಸು ಕೊಡಿಸದೆ ಹೋದರು. ಅಧ್ಯಕ್ಷರಾದ ರಾಯರ ಪಿಂಚಣಿ ಬೂಟು, ಬ್ಯಾಂಡೇಜು, ಬಾಳೆಹಣ್ಣು ಆಗಿ ಕರಗುತ್ತಿತ್ತು. ಕೊನೆಗೆ ಉಳಿದಿದ್ದ ಒಬ್ಬ ಸ್ಪಾನ್ಸರ್, ಜವಳಿ ಅಂಗಡಿಯವರು, ನೇರವಾಗಿ ಹೇಳಿದ್ದರು: ರೂಪೇಶ್ ಇದ್ದರೆ ನಾವು, ಇಲ್ಲದಿದ್ದರೆ ನೀವೇ.

ಉಪಾಯ ನನ್ನದು.

"ಸರ್, ಒಂದು ಸನ್ಮಾನ ಇಡುವ" ಎಂದೆ.

ರಾಯರಿಗೆ ತಕ್ಷಣ ಅರ್ಥವಾಯಿತು. ಕನ್ನಡಕ ತೆಗೆದು ಒರೆಸಿದರು.

"ಇದು ಸರಿಯಾ ಕಾಸಿಂ?"

"ಸರಿಯಲ್ಲ ಸರ್. ಆದರೆ ಖರ್ಚು ಕಡಿಮೆ."

ನಮ್ಮ ಊರು ನಿಮಗೆ ಗೊತ್ತಲ್ಲ. ಇಲ್ಲಿ ಕೋಪದಿಂದ ಎದ್ದು ಹೋಗಬಹುದು, ಊಟದಿಂದ ಬೇಕಾದರೂ ಎದ್ದು ಹೋಗಬಹುದು. ಸನ್ಮಾನದ ನಡುವೆ ಎದ್ದು ಹೋಗುವ ಕ್ರಮ ಇಲ್ಲ. ಪ್ರಾರ್ಥನೆಯಿಂದ ಹಿಡಿದು ಧನ್ಯವಾದ ಸಮರ್ಪಣೆಯವರೆಗೆ ಕುರ್ಚಿ ಬಿಡುವಂತಿಲ್ಲ. ಹಗ್ಗ ಬೇಡ, ಬೀಗ ಬೇಡ. ಹೆಗಲಿಗೆ ಒಂದು ಶಾಲು ಹಾಕಿದರೆ ಸಾಕು.

ಸಭಾಭವನ ತುಂಬಿತ್ತು. ರೂಪೇಶನ ಮುಖದ ಫ್ಲೆಕ್ಸ್ ಕೂಡ ಇತ್ತು. ಅವನ ತಾಯಿ ದೇಯಿ ವೇದಿಕೆಯಲ್ಲಿ ಹೊಸ ಸೀರೆಯಲ್ಲಿ, ಕುರ್ಚಿಯ ತುದಿಯಲ್ಲಿ ಕೂತಿದ್ದರು. ಕುರ್ಚಿಗೆ ಭಾರವಾದೇನೋ ಎಂಬ ಹಾಗೆ.

ಪ್ರಾರ್ಥನೆ ಹಾಡಿದ ಹುಡುಗಿ ಐದು ಚರಣ ಹಾಡಿದಳು. ನಾನೇ ಹೇಳಿಕೊಟ್ಟದ್ದು. ದೀಪ ಗಾಳಿಗೆ ಆರಿತು, ಮತ್ತೆ ಹಚ್ಚಿದರು. ಸ್ವಾಗತ. ಪ್ರಾಸ್ತಾವಿಕ. ಮುಖ್ಯ ಅತಿಥಿಗಳು ಫುಟ್‌ಬಾಲ್ ಬಗ್ಗೆ ಮಾತಾಡುತ್ತೇನೆಂದು ಎದ್ದು ತಮ್ಮ ಮೊಣಕಾಲಿನ ಆಪರೇಷನ್ ಬಗ್ಗೆ ಮಾತಾಡಿದರು. ಶಾಲು, ಪೇಟ, ಹಣ್ಣಿನ ಬುಟ್ಟಿ, ಸನ್ಮಾನಪತ್ರದ ವಾಚನ... ರೂಪೇಶ್ ಪೇಟದ ಕೆಳಗಿನಿಂದ ಗೋಡೆಯ ಗಡಿಯಾರ ನೋಡುತ್ತಿದ್ದ. ಆಮೇಲೆ ನನ್ನನ್ನು ನೋಡುತ್ತಿದ್ದ. ನಾನು ಬಾಗಿಲ ಬಳಿ ನಿಂತು ಐದು ಬೆರಳು ತೋರಿಸಿದೆ. ಐದೇ ನಿಮಿಷ.

ಅವನು ತಲೆಯಾಡಿಸಿದ. ನಂಬಿದ್ದ.

ಅಷ್ಟರಲ್ಲಿ ಡುಲ್ಸಿನ್ ಬಂದಳು. ಕೂದಲು ಕೆದರಿತ್ತು, ಕೈಯಲ್ಲಿ ಟ್ಯಾಬ್.

"ಜರಗು ಕಾಸಿಂ."

"ಕಾರ್ಯಕ್ರಮ ನಡೀತಾ ಉಂಟು."

"ಕಾಣ್ತಾ ಉಂಟು ನನಗೆ. ಅವನನ್ನು ಇಳಿಸಬೇಕಾಗಿಲ್ಲ. ಮೂರು ಗಂಟೆಗೆ ಗೋವಾದಿಂದ ಒಪ್ಪಿಗೆ ಬಂದಿದೆ. ಎಲ್ಲ ತುಂಬಿಸಿ ಆಗಿದೆ. ಅವನ ಫೋನಿಗೆ ಒಂದು ಓಟಿಪಿ ಬರ್ತದೆ. ಆ ನಂಬರ್ ಸಾಕು. ಎಲ್ಲಿ ಫೋನ್?"

"ನನಗೆಂತ ಗೊತ್ತು?"

ಅವಳು ಟ್ಯಾಬ್ ಒತ್ತಿದಳು. ನನ್ನ ಎದೆಯ ಮೇಲೆ ಜೇಬು ನಡುಗಿತು.

ಇಬ್ಬರೂ ಜೇಬನ್ನೇ ನೋಡಿದೆವು.

"ಕೊಡು."

"ತಾಕತ್ತಿದ್ದರೆ ಹೋಗು. ಸ್ಟೇಜ್ ಹತ್ತು. ಅವನ ಅಮ್ಮನ ಎದುರಿನಿಂದ ಎಬ್ಬಿಸಿ ಕರ್ಕೊಂಡು ಬಾ."

ಅವಳು ನನ್ನನ್ನು ತಳ್ಳಿ ಒಳಗೆ ನುಗ್ಗಿದಳು. ಕುರ್ಚಿಗಳ ನಡುವೆ ಅರ್ಧ ದಾರಿ ಹೋಗಿದ್ದಳು... ಮೈಕಿನ ಎದುರಿದ್ದ ರಾಯರು ಅವಳನ್ನು ಕಂಡರು.

"ಓ, ಡುಲ್ಸಿನ್. ನಮ್ಮ ಶಾಲೆಯ ಹುಡುಗಿ. ಕೂತುಕೋ ಮಗಾ. ಎರಡೇ ಮಾತು."

ಡುಲ್ಸಿನ್ ಕೂತಳು.

ನಾನು ಕಣ್ಣಾರೆ ಕಂಡೆ. ಸೇತುವೆಯ ಮೇಲೆ ನನ್ನ ಕನ್ನಡಿ ಕಿತ್ತವಳು, ಮೇಷ್ಟ್ರು ಕೂರು ಎಂದ ಕೂಡಲೇ ಕೂತಳು. ಕೂತ ಮೇಲೆ ತಾನೇನು ಮಾಡಿದೆ ಎಂದು ಅವಳಿಗೆ ಗೊತ್ತಾಯಿತು. ಅಷ್ಟರಲ್ಲಿ ದೇಯಿಯಮ್ಮ ಮೈಕಿನ ಹತ್ತಿರ ಬಂದಿದ್ದರು. ಇನ್ನು ಏಳುವುದು ಹೇಗೆ?

ದೇಯಿಯಮ್ಮನ ಹೆಸರು ಪಟ್ಟಿಯಲ್ಲಿರಲಿಲ್ಲ. ತಾವಾಗಿಯೇ ಎದ್ದು ಬಂದದ್ದು. ಮೈಕನ್ನು ಎರಡು ಕೈಯಲ್ಲೂ ಹಿಡಿದುಕೊಂಡರು.

"ನನಗೆ ಮಾತಾಡ್ಲಿಕ್ಕೆ ಬರುವುದಿಲ್ಲ. ಇವನ ಅಪ್ಪ ಪೂವಪ್ಪ ಇದ್ದಿದ್ದರೆ ಮಾತಾಡ್ತಿದ್ದರು. ಆಡುವ ಹುಡುಗನನ್ನು ಯಾರೂ ಸುಲಭದಲ್ಲಿ ಬಿಡುವುದಿಲ್ಲ ಅಂತ ನೆರೆಕರೆಯವರು ಹೇಳಿದ್ದರು. ಅಡ್ಡ ಹಾಕ್ತಾರೆ, ಜಾಗ್ರತೆ ಅಂತ. ನೀವು ಶಾಲು ಹಾಕಿ ಕಳಿಸ್ತಾ ಇದ್ದೀರಿ. ಕಾಸಿಮಣ್ಣ ಮನೆಗೇ ಬಂದು ಇವನನ್ನು ಗಾಡಿಯಲ್ಲಿ ಕರ್ಕೊಂಡು ಬಂದರು. ದೇವರು ನಿಮ್ಮನ್ನು ಚೆನ್ನಾಗಿ ಇಟ್ಟಿರಲಿ."

ಸಭೆ ಚಪ್ಪಾಳೆ ತಟ್ಟಿತು. ರಾಯರು ತಲೆ ತಗ್ಗಿಸಿದರು. ಮತ್ತೆ ಎತ್ತಲಿಲ್ಲ.

ನನಗೆ ಆದ ನಾಚಿಕೆಯನ್ನು ಹೇಗೆ ಹೇಳಲಿ? ಫೈನಲ್‌ನಲ್ಲಿ ಕಾಲ ಸಂದಿಯಿಂದ ಗೋಲು ಬಿಟ್ಟುಕೊಟ್ಟಿದ್ದೇನೆ. ಠಾಣೆಯಲ್ಲಿ ಚಡ್ಡಿಯಲ್ಲಿ ಕೂತಿದ್ದೇನೆ. ಅದೆಲ್ಲ ಏನೂ ಅಲ್ಲ. ಆ ಹೆಂಗಸು ನನ್ನ ಹೆಸರು ಹೇಳಿ ಹರಸಿದಾಗ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

ಓಡಿದೆ. ಕುರ್ಚಿಗಳ ಸಾಲಿಗೆ ನುಗ್ಗಿ ಫೋನನ್ನು ಡುಲ್ಸಿನ್ ಕೈಗೆ ತುರುಕಿದೆ.

"ಹಾಕು. ಬೇಗ."

ಅವಳು ನಂಬರ್ ನೋಡಿ ಒತ್ತಿದಳು. ಕಾದಳು. ಇಲ್ಲ ಎಂದು ತಲೆಯಾಡಿಸಿದಳು.

"ಇದು ಹಳತಾಯ್ತು. ಹೊಸತು ಕೇಳ್ತದೆ."

"ಕೇಳು ಹಾಗಾದರೆ!"

ಅವಳು ಮತ್ತೆ ಒತ್ತಿದಳು. ಆಮೇಲೆ ಟ್ಯಾಬನ್ನು ನನ್ನ ಕಡೆ ತಿರುಗಿಸಿದಳು. ಅವಧಿ ಮುಗಿದಿದೆ ಎಂದು ಇಂಗ್ಲಿಷಿನಲ್ಲಿ ಒಂದೇ ಸಾಲು. ನಾನು ಗಡಿಯಾರ ನೋಡಿದೆ. ಐದು ಆಗಿತ್ತು.

"ನೀನು ಗೋಲ್‌ಕೀಪರ್ ಅಲ್ವಾ" ಎಂದಳು ಅವಳು. ಸ್ವರದಲ್ಲಿ ಸಿಟ್ಟೂ ಉಳಿದಿರಲಿಲ್ಲ. "ಹಿಡಿಯುವುದು ಮಾತ್ರ ಗೊತ್ತು. ಬಿಡುವುದು ಯಾವಾಗ ಅಂತ ಗೊತ್ತಿಲ್ಲ."

ಧನ್ಯವಾದ ಸಮರ್ಪಣೆಗೆ ರಾಯರು ದೊಡ್ಡ ಭಾಷಣ ಬರೆದು ತಂದಿದ್ದರು. ಓದಲಿಲ್ಲ. ಕೈ ಮುಗಿದು ಕೂತುಬಿಟ್ಟರು.

ರೂಪೇಶ್ ಹಣ್ಣಿನ ಬುಟ್ಟಿಯನ್ನು ತಾಯಿಯ ಮಡಿಲಲ್ಲಿಟ್ಟು ಇಳಿದು ಬಂದ. ಅವಸರದಲ್ಲಿದ್ದ, ಇನ್ನೂ ಹೊತ್ತಿದೆ ಎಂಬ ಹಾಗೆ. ಡುಲ್ಸಿನ್ ತಾನು ಯಾರೆಂದು ಹೇಳಿದಳು. ಅವನು ಅವಳ ಸ್ವರ ಗುರುತಿಸಿದ. ಆಮೇಲೆ ಕಿಟಕಿಯ ಹೊರಗೆ ನಿಂತಿದ್ದ ಬಿಳಿ ಕಾರನ್ನು ಗುರುತಿಸಿದ. ಅವಳ ಕೈಯಲ್ಲಿದ್ದ ತನ್ನ ಫೋನನ್ನು ತೆಗೆದುಕೊಂಡ. ಅದರ ತುಂಬ ಅವಳದೇ ಕರೆಗಳು.

"ಇನ್ನು?" ಎಂದು ಅವಳನ್ನು ಕೇಳಿದ.

"ಇನ್ನಿಲ್ಲ. ಅವರು ಕೊನೇ ಗಳಿಗೆಯಲ್ಲಿ ಬೇರೆ ಹುಡುಗನನ್ನು ಸೇರಿಸಿಯಾಯ್ತು."

ನನ್ನ ಕಡೆ ತಿರುಗಿದ.

"ಕಾಸಿಮಣ್ಣ, ನಿಮಗೆ ಮೊದಲೇ ಗೊತ್ತಿತ್ತಾ?"

ಕೊನೆಗೆ ಫೋನ್ ಕೊಟ್ಟೆನಲ್ಲ ಎಂದು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು.

"ಗೊತ್ತಿತ್ತು."

"ಅಮ್ಮನಿಗೆ ಹೇಳಬೇಡಿ" ಎಂದ. "ನಾನೇ ಬೇಡ ಅಂದೆ ಅಂತ ಹೇಳ್ತೇನೆ. ಅವರು ಮೈಕಿನಲ್ಲಿ ನಿಮ್ಮನ್ನು ಹೊಗಳಿಯಾಗಿದೆ."

ಹೊಡೆಯುತ್ತಾನೆ ಎಂದು ಕಾದೆ. ನಿಜ ಹೇಳುತ್ತೇನೆ, ಹೊಡೆಯಲಿ ಎಂದೇ ಕಾದೆ. ಅವನು ಹೆಗಲಿನ ಶಾಲು ತೆಗೆದ. ಕೊಡವಿದ. ಎರಡೂ ಕೈಯಲ್ಲಿ ಬಿಡಿಸಿ ಹಿಡಿದು, ವೇದಿಕೆಯ ಮೇಲೆ ಹೊದಿಸುತ್ತಾರಲ್ಲ ಹಾಗೆಯೇ, ಮರ್ಯಾದೆಯಿಂದ ನನಗೆ ಹೊದಿಸಿದ. ತುದಿ ಸರಿ ಮಾಡಿದ. ಕೈ ಮುಗಿದ.

ಹಿಂದಿನ ಸಾಲಿನಲ್ಲಿದ್ದವರಿಗೆ ಏನೂ ಗೊತ್ತಿಲ್ಲ. ಶಿಷ್ಯ ಹಿರಿಯನನ್ನು ಗೌರವಿಸಿದ ಎಂದುಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಫೋಟೋದವನು ಓಡಿ ಬಂದ. ದೇಯಿಯಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ನಗುತ್ತಿದ್ದರು.

ಅಷ್ಟು ವರ್ಷ ಗೋಲು ಕಾದವನಿಗೆ ಅದು ಮೊದಲ ಸನ್ಮಾನ.

ಬಾಗಿಲು ಹತ್ತಿರವೇ ಇತ್ತು. ನಾನು ಕೈ ಮುಗಿದು ನಿಂತೆ. ಏನು ಮಾಡುವುದು ಹೇಳಿ, ನಡುವೆ ಎದ್ದು ಹೋಗುವ ಕ್ರಮ ನಮ್ಮಲ್ಲಿ ಇಲ್ಲ.