ಇದೊಂದೇ ಕಂಡಿಕೆ

"ಅಮ್ಮಣೀ, ಕಂಡಿಕೆ ಕೊಡು."

ಮಗ್ಗದ ಗುಂಡಿಯೊಳಗಿಂದ ಅಪ್ಪ ಕೃಷ್ಣಸಾಮಿ ಮಗಳನ್ನು ಮೂರನೇ ಸಲ ಕೂಗಿದ. ಮಗ್ಗದ ಸದ್ದು ನಿಂತು ಆಗಲೇ ಬಹಳ ಹೊತ್ತಾಗಿತ್ತು.

"ಸುತ್ತುತ್ತಾ ಇದೀನಪ್ಪಾ" ಎಂದಳು ಮಲ್ಲಿಗಾ. ರಾಟೆ ಮಾತ್ರ ತಿರುಗುತ್ತಿರಲಿಲ್ಲ. ಅವಳು ಅದರ ಮುಂದೆ ಕಾಲು ಚಾಚಿಕೊಂಡು ಗೋಡೆ ನೋಡುತ್ತಾ ಕೂತಿದ್ದಳು.

ಕಂಡಿಕೆ ಎಂದರೆ ನೂಲು ಸುತ್ತಿದ ಪುಟ್ಟ ಕಡ್ಡಿ. ಅದು ಲಾಳಿಯ ಹೊಟ್ಟೆಯೊಳಗೆ ಕೂತರೆ ಲಾಳಿ ಓಡುತ್ತದೆ, ಸೀರೆ ಬೆಳೆಯುತ್ತದೆ. ಬುಟ್ಟಿಯಲ್ಲಿ ಕಂಡಿಕೆ ಮುಗಿದರೆ, ಸಿರುಮುಗೈ ಊರಲ್ಲೇ ಚುರುಕು ಕೈ ಎನ್ನಿಸಿಕೊಂಡ ಅಪ್ಪನೂ ಕೈಕಟ್ಟಿ ಕೂರಬೇಕು.

ಹೋದ ತಿಂಗಳವರೆಗೆ ಹೀಗಿರಲಿಲ್ಲ. ಮಲ್ಲಿಗಾ ಮತ್ತು ಅಕ್ಕ ಅಂಗಮ್ಮ ಎರಡು ರಾಟೆ ಇಟ್ಟುಕೊಂಡು ಎದುರುಬದುರು ಕೂರುತ್ತಿದ್ದರು. ಯಾರು ಮೊದಲು ಹತ್ತು ಕಂಡಿಕೆ ಸುತ್ತುತ್ತಾರೋ ಅವರಿಗೆ ಒಂದು ಕಡಲೆಮಿಠಾಯಿ. ಅಕ್ಕ ಹಾಡು ಹೇಳಿಕೊಂಡು ಸುತ್ತುತ್ತಿದ್ದಳು, ಬೇಕೆಂದೇ ಸೋಲುತ್ತಿದ್ದಳು. ಈಗ ಅವಳು ಮದುವೆಯಾಗಿ ಪೆರಿಯನಾಯಕನಪಾಳ್ಯಂನಲ್ಲಿದ್ದಳು. ಭಾವನಿಗೆ ಅಲ್ಲಿ ಮಿಲ್ಲಿನಲ್ಲಿ ಕೆಲಸ. ಅಕ್ಕನ ರಾಟೆ ಮೂಲೆಯಲ್ಲಿ ಹಳೆ ಬಟ್ಟೆ ಹೊದ್ದುಕೊಂಡು ನಿಂತಿತ್ತು.

ಮಗ್ಗದ ಮೇಲಿದ್ದ ಸೀರೆಯೂ ಅಕ್ಕನದೇ. ಮದುವೆಯಾದ ಮೇಲೆ ಬರುವ ಮೊದಲ ಹಬ್ಬ ತಲೆ ದೀಪಾವಳಿ. ಅಂದು ಮಗಳು ಅಳಿಯ ತವರಿಗೆ ಬರುತ್ತಾರೆ, ಮಗಳು ಅಪ್ಪ ನೇಯ್ದ ಸೀರೆ ಉಡುತ್ತಾಳೆ. ಹಬ್ಬಕ್ಕೆ ಇನ್ನು ಐದೇ ದಿನ. ಸೀರೆ ಅರ್ಧವೂ ಆಗಿರಲಿಲ್ಲ.

ಅಕ್ಕನ ಸೀರೆ ಎಂದ ಮೇಲೆ ಕೈ ತಾನಾಗಿ ಓಡಬೇಕಿತ್ತು. ಓಡುತ್ತಿರಲಿಲ್ಲ. ಎದುರಿನ ಖಾಲಿ ಜಾಗ ಕಂಡರೆ ಮಲ್ಲಿಗಾಳಿಗೆ ಏನೂ ಬೇಡವೆನಿಸುತ್ತಿತ್ತು. ಪಾಪ, ಅದನ್ನು ಅವಳು ಹೇಗೆ ಹೇಳಿಯಾಳು? ಮೊನ್ನೆ ಮಣಿಕಟ್ಟು ನೋವು ಎಂದಳು. ನಿನ್ನೆ ಟೀಚರ್ ಹೋಂವರ್ಕ್ ಕೊಟ್ಟಿದ್ದಾರೆ ಎಂದಳು.

ಇವತ್ತು ಹೇಗೋ ಎರಡು ಸುತ್ತಿ, "ಸಾಕು" ಎಂದು ಎದ್ದಳು.

ಕಂಬಕ್ಕೆ ಒರಗಿ ಎಲೆ ಅಡಿಕೆ ಜಗಿಯುತ್ತಿದ್ದ ಅಜ್ಜಿ ಲಕ್ಷ್ಮಿಯಮ್ಮಾಳ್ ಕಿವಿ ನಿಮಿರಿಸಿದಳು. "ಸಾಕ್ಕಾ? ಇವತ್ತು ಯಾವ ಸಾಕ್ಕು ಅಮ್ಮಣಿ? ಮಣಿಕಟ್ಟಾ, ಹೋಂವರ್ಕಾ?"

ತಮಿಳಿನಲ್ಲಿ ಸಾಕ್ಕು ಎಂದರೆ ನೆಪ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಆಡುವ ಕೇರಿ ಅದು. ಅಜ್ಜಿಗೆ ಇಂಥ ಕೀಟಲೆ ಎಂದರೆ ಹಬ್ಬ.

ಮಲ್ಲಿಗಾಳಿಗೆ ಮೂಗಿನ ತುದಿಗೇ ಕೋಪ ಬಂತು. ಮತ್ತೆ ಕೂತಳು. ಗರಗರನೆ ರಾಟೆ ತಿರುಗಿಸಿದಳು. ನೂಲನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿಯಬೇಕು. ಅವಳು ಹಿಡಿಯಲಿಲ್ಲ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಐದು ಕಂಡಿಕೆ ಬುಟ್ಟಿಗೆ ಬಿದ್ದವು. "ತಗೋಪ್ಪಾ" ಎಂದು ಬುಟ್ಟಿಯನ್ನು ಗುಂಡಿಯ ಪಕ್ಕ ಇಟ್ಟು, ಆಡಲು ಹೊರಟಳು.

ಬಾಗಿಲು ದಾಟಿರಲಿಲ್ಲ, ಒಳಗೆ ಪಟಪಟ ಎಂದು ಸದ್ದಾಯಿತು. ಮಗ್ಗ ನಿಂತಿತು.

ಅವಳು ಓಡಿ ಬಂದಳು. ಸಡಿಲ ಸುತ್ತಿದ ನೂಲು ಮುದ್ದೆಯಾಗಿ ಕಳಚಿಕೊಂಡು ಲಾಳಿ ನಡುದಾರಿಯಲ್ಲೇ ಸಿಕ್ಕಿಕೊಂಡಿತ್ತು. ಅದರ ಮೇಲೆ ಮಗ್ಗದ ಹಲಗೆ ಬಡಿದು, ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಕಿತ್ತುಹೋಗಿದ್ದವು. ಒಂದೆರಡಲ್ಲ, ನಲವತ್ತು ಐವತ್ತು ಇರಬಹುದು. ಅಕ್ಕನ ಸೀರೆಯ ನಡುವೆ ಬಾಯಿ ತೆರೆದಂತೆ ಒಂದು ಸಂದು ಕಾಣುತ್ತಿತ್ತು.

ಅಪ್ಪ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಚಿಟಿಕೆ ಬೂದಿ ತೆಗೆದುಕೊಂಡು, ಕಿತ್ತ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಲು ಕೂತ. ಮಲ್ಲಿಗಾ ಬೂದಿಯ ತಟ್ಟೆ ಹಿಡಿದು ಪಕ್ಕದಲ್ಲಿ ಕೂತಳು.

ಸ್ವಲ್ಪ ಹೊತ್ತಿಗೆ ಅಪ್ಪ ಏನೋ ಗೊಣಗುವುದು ಕೇಳಿಸಿತು.

"ಇದೊಂದೇ. ಇದೊಂದು ಎಳೆ ಕೂಡಿಸಿ ಎದ್ದುಬಿಡ್ತೀನಿ."

ಆ ಎಳೆ ಕೂಡಿತು. ಅಪ್ಪ ಏಳಲಿಲ್ಲ. "ಇದೊಂದೇ" ಎಂದು ಇನ್ನೊಂದು ಹಿಡಿದ. ಮಲ್ಲಿಗಾ ಎಣಿಸಿದಳು. ಹನ್ನೊಂದು ಸಲ ಹೇಳಿದ, ಒಂದು ಸಲವೂ ಏಳಲಿಲ್ಲ.

"ಯಾರ ಹತ್ರ ಮಾತಾಡ್ತಾ ಇದೀಯಪ್ಪಾ?"

ಅಪ್ಪನಿಗೆ ನಾಚಿಕೆಯಾಯಿತು. "ನನ್ನ ಹತ್ರಾನೇ."

"ನಿನಗೂ ಬೇಜಾರಾ?"

"ಅಂಗಮ್ಮ ಹೋದಾಗಿಂದ ಗುಂಡಿಗೆ ಕಾಲು ಬಿಡೋಕೇ ಮನಸಾಗಲ್ಲ ಅಮ್ಮಣಿ. ಈ ಮಗ್ಗ ಅವಳ ಹಾಡು ಕೇಳ್ಕೊಂಡೇ ಓಡಿದ್ದು."

ಮಲ್ಲಿಗಾ ಬೆಪ್ಪಾಗಿ ನೋಡಿದಳು. ದೊಡ್ಡವರಿಗೆ ಕೆಲಸ ಮಾಡುವುದು ಇಷ್ಟ, ಅದಕ್ಕೇ ಮಾಡುತ್ತಾರೆ ಎಂದುಕೊಂಡಿದ್ದಳು. "ಮತ್ತೆ ದಿನಾ ಇಳೀತೀಯಲ್ಲ?"

"ಒಂದೇ ಕಂಡಿಕೆ ಓಡಿಸಿ ಎದ್ದುಬಿಡೋಣ ಅಂತ ಇಳೀತೀನಿ."

"ಅಪ್ಪುರಂ? ಆಮೇಲೆ?"

"ಅಪ್ಪುರಂ ಬುಟ್ಟಿ ನೋಡ್ತೀನಿ. ಇನ್ನೊಂದು ಇರುತ್ತೆ. ಅದನ್ನ ಹಾಗೇ ಬಿಟ್ಟು ಏಳೋಕಾಗುತ್ತಾ?"

ಮಲ್ಲಿಗಾ ತಟ್ಟೆಯ ಬೂದಿಯಲ್ಲಿ ಬೆರಳಾಡಿಸಿದಳು. "ಬುಟ್ಟೀಲಿ ಇಲ್ದೇ ಇದ್ರೆ?"

ಅಪ್ಪ ಮತ್ತೆ ಮಗ್ಗದ ಕಡೆ ಬಾಗಿದ. ಮುಂದಿನ ಎಳೆ ಹುಡುಕತೊಡಗಿದ.

ಅವಳು ಎದ್ದುಹೋಗಿ ಬುಟ್ಟಿಯಲ್ಲಿ ಉಳಿದಿದ್ದ ಸಡಿಲ ಕಂಡಿಕೆಗಳನ್ನೆಲ್ಲ ಬಿಚ್ಚಿ, ಬಿಗಿಯಾಗಿ ಮತ್ತೆ ಸುತ್ತಿದಳು. ಅಜ್ಜಿ ಆ ದಿನ ಕೀಟಲೆ ಮಾಡಲಿಲ್ಲ.

ದೀಪಾವಳಿಯ ಹಿಂದಿನ ದಿನ ಮಧ್ಯಾಹ್ನ ಸೀರೆ ಮಗ್ಗದಿಂದ ಇಳಿಯಿತು. ಹಬ್ಬದ ಬೆಳಿಗ್ಗೆ ಅಕ್ಕ ಅದನ್ನು ಉಡುವಾಗ ಅವಳ ಬೆರಳು ನಡುವೆ ಒಂದು ಕಡೆ ನಿಂತಿತು. ನೇಕಾರರ ಮಗಳ ಬೆರಳಿಗೆ ಕೂಡಿಸಿದ ಎಳೆ ಗೊತ್ತಾಗದೆ ಇರುತ್ತದೆಯೇ?

"ಇಲ್ಲಿ ಕಿತ್ತಿತ್ತಾ?"

"ನಾನು ಸಡಿಲ ಸುತ್ತಿದ್ದೆ" ಎಂದಳು ಮಲ್ಲಿಗಾ, ತಲೆ ತಗ್ಗಿಸಿ.

"ಹಾಗಾದ್ರೆ ಇದು ನಿನ್ನ ಜಾಗ" ಎಂದು ಅಕ್ಕ ಅದನ್ನೇ ಹಿಡಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಭಾವನಿಗೆ ಮಿಲ್ಲಿನಲ್ಲಿ ಎರಡೇ ದಿನ ಲೀವು. ಮೂರನೇ ದಿನ ಬೆಳಿಗ್ಗೆ ಎಂಟೂವರೆ ಬಸ್ಸಿಗೆ ಅವರು ಹೊರಟರು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅಪ್ಪ, ಮಲ್ಲಿಗಾ ನಿಂತಿದ್ದರು.

ಮನೆಗೆ ಬಂದವನೇ ಅಪ್ಪ ಜಗಲಿಯ ಮೇಲೆ ಕೂತುಬಿಟ್ಟ. ಟವಲು ಹೆಗಲ ಮೇಲೇ ಇತ್ತು. ಹೊಸ ಹಾಸು ಏರಿಸಿದ್ದ ಮಗ್ಗದ ಕಡೆಗೆ ತಿರುಗಿಯೂ ನೋಡಲಿಲ್ಲ.

ಮಲ್ಲಿಗಾಳಿಗೂ ಅಳು ಬರುವಂತಿತ್ತು. ಎದುರಿನ ಜಾಗ ಮೊದಲಿಗಿಂತ ಖಾಲಿಯಾಗಿತ್ತು. ಅವಳು ಕಣ್ಣೊರೆಸಿಕೊಂಡು ರಾಟೆಯ ಮುಂದೆ ಕೂತಳು. ನಿಧಾನವಾಗಿ, ಬಿಗಿಯಾಗಿ, ಒಂದು ಕಂಡಿಕೆ ಸುತ್ತಿದಳು. ಬುಟ್ಟಿಯಲ್ಲಿಟ್ಟು, ಬುಟ್ಟಿಯನ್ನು ಜಗಲಿಗೆ ತಂದು ಅಪ್ಪನ ಪಕ್ಕದಲ್ಲಿ ಇಟ್ಟಳು. ಒಳಗೆ ಹೋದಳು.

ಅಪ್ಪ ಬುಟ್ಟಿ ನೋಡಿದ. ಅದರಲ್ಲಿದ್ದ ಒಂದೇ ಕಂಡಿಕೆಯನ್ನು ಕೈಗೆತ್ತಿಕೊಂಡ. ಆಮೇಲೆ ಟವಲನ್ನು ತಲೆಗೆ ಸುತ್ತಿಕೊಂಡು ಬಂದು ಗುಂಡಿಗೆ ಕಾಲು ಇಳಿಬಿಟ್ಟ.

"ಒಂದೇ ಕಂಡಿಕೆ, ಅಮ್ಮಣಿ" ಎಂದ.

"ಹೂಂ ಅಪ್ಪಾ, ಒಂದೇ" ಎಂದಳು ಮಲ್ಲಿಗಾ, ಎರಡನೇ ಕಡ್ಡಿಯನ್ನು ರಾಟೆಗೆ ಸಿಕ್ಕಿಸುತ್ತಾ.