ಗೋವಾದವನ ಅಳತೆ

ಹಾಸಿಗೆ ಸುತ್ತಿ ಟ್ರಂಕಿನ ಮೇಲಿಟ್ಟು, ಅದೇ ಜಾಗದಲ್ಲಿ ಈಳಿಗೆ ಹಾಕಿಕೊಂಡು ರೋಜಾ ಬದನೆಕಾಯಿ ಹೆಚ್ಚುತ್ತಿದ್ದಳು. ಇರುವುದು ಒಂದೇ ಖೋಲಿ, ಮೂಲೆಯಲ್ಲಿ ಒಲೆಕಟ್ಟೆ. ಹಾಸಿಗೆ ಎದ್ದರೆ ಅಡುಗೆಮನೆ, ಈಳಿಗೆ ಎದ್ದರೆ ಇಸ್ತ್ರಿ ಹಾಕುವ ಜಾಗ. ಬೆಟಗೇರಿಯ ಈ ಬಾಡಿಗೆ ಮನೆಯಲ್ಲಿ ಎಲ್ಲವೂ ಸರದಿ ಕಾಯಬೇಕು.

"ಬರಬೌದೇನವಾ ರೋಜಾ?" ಮನೆ ಒಡತಿ ಅಮೃತವ್ವ ಮೆಟ್ಟಿಲಿನಿಂದಲೇ ಕೂಗಿದಳು. ಹಿಂದೆ ಅಳತೆ ಟೇಪು ಹಿಡಿದ ಗಂಡಸು. "ಇವ್ರು ಹೊನ್ನೇಶ, ಮುಂಡರಗ್ಯಾಗ ಫರ್ನಿಚರ್ ಮಾಡ್ತಾರ. ಮ್ಯಾಲಿನ ಮೂರೂ ಮನಿಗೆ ಗೋಡಿಗೆ ಮಡಚೋ ಮಂಚ ಮಾಡಸಾಕತ್ತೇನಿ. ನಿನ್ನ ಮನಿಯಿಂದನ ಸುರು. ಗಂಡ ಗೋವಾದಿಂದ ಬಂದ್ರ ಮಲಗಾಕ ಜಾಗ ಬೇಕಲ್ಲ?"

ರೋಜಾ ತಲೆಯಾಡಿಸಿದಳು. ಗೋವಾದಲ್ಲಿ ಯಾರೂ ಇರಲಿಲ್ಲ.

ಅಡರಕಟ್ಟಿಯಿಂದ ಇಲ್ಲಿಯ ದವಾಖಾನೆಯ ಲ್ಯಾಬಿಗೆ ಕೆಲಸಕ್ಕೆ ಬಂದಾಗ, ಮದುವೆಯಾಗದ ಮೂವತ್ತೊಂಬತ್ತರ ಹೆಣ್ಣಿಗೆ ಯಾರೂ ಮನೆ ಕೊಡಲಿಲ್ಲ. ಅಮೃತವ್ವನೂ ಬಾಗಿಲಲ್ಲೇ, "ಒಂಟಿ ಹೆಣ್ಣಮಕ್ಕಳಿಗೆ ಕೊಡೂದಿಲ್ಲವಾ," ಅಂದಿದ್ದಳು. "ಒಂಟಿ ಅಲ್ರಿ, ಅವ್ರು ಗೋವಾದಾಗ ಅದಾರ," ಎಂಬ ಮಾತು ರೋಜಾಳ ಬಾಯಿಂದ ತಾನಾಗಿ ಬಂದಿತ್ತು. ಮರುದಿನ ಕರಿಮಣಿ ಸರವನ್ನು ತಾನೇ ಕೊಂಡಳು, ಅಂಗಡಿಯವನ ಜೊತೆ ಚೌಕಾಶಿ ಮಾಡಿ.

ಅಮೃತವ್ವ ಕೆಳಗಿಳಿದಳು. ಹೊನ್ನೇಶ ಟೇಪು ಬಿಚ್ಚಲಿಲ್ಲ. ಬಾಗಿಲ ಬಳಿ ನಿಂತು ಖೋಲಿಯನ್ನೇ ನೋಡಿದ.

"ಊಟಾ ಎಲ್ಲಿ ಕುಂತ ಮಾಡ್ತೀರಿ, ಮೇಡಂ?"

"ಕುಂದ್ರೂದಿಲ್ರಿ. ಕಟ್ಟಿ ಹತ್ರ ನಿಂತ."

"ಸಂಜಿಮುಂದ ಎಲ್ಲಿರ್ತೀರಿ?"

"ಇಲ್ಲೇ. ಮತ್ತೆಲ್ಲಿರ್ಲಿ?"

"ಇಲ್ಲೇ ಅಂದ್ರ ಯಾವ ಮೂಲ್ಯಾಗ? ನೀವು ಹೆಂಗ ಇರ್ತೀರಿ ಅಂತ ಗೊತ್ತಾಗದ ನಾ ಏನ ಮಾಡ್ಲಿ?"

ದಿನವಿಡೀ ಜನರನ್ನು ಕೇಳುವವಳು ಅವಳು: ಖಾಲಿ ಹೊಟ್ಟೆಯಲ್ಲಿ ಬಂದಿದ್ದೀರಾ, ನಿದ್ದೆ ಬರುತ್ತದೆಯೇ. ನೀನು ಹೇಗಿರುತ್ತೀ ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

"ಕಿಟಕಿ ಹಂತ್ಯಾಕ," ಎಂದಳು ಕಡೆಗೆ.

ಅವನು ಕಿಟಕಿಗೆ ಹೋಗಿ, ಅವಳು ನಿಲ್ಲುವಲ್ಲೇ ನಿಂತು, ಬೀದಿ ನೋಡಿದ. ಹೊರಗಿನ ಬೆಳಕು ಅವನ ಕಿವಿಯ ಹತ್ತಿರದ ನರೆಗೂದಲಿನ ಮೇಲೆ ಬಿದ್ದಿತ್ತು. ಆಮೇಲೆ ಟೇಪು ಎಳೆದ. "ಯಜಮಾನ್ರು ಎಷ್ಟ ಎತ್ತರ ಅದಾರ್ರಿ? ಮಂಚ ಕಾಲಿಗೆ ಕಮ್ಮಿ ಬೀಳಬಾರದು."

ಇಲ್ಲದ ಮನುಷ್ಯನಿಗೆ ಎತ್ತರ ಎಲ್ಲಿಂದ ತರುವುದು? ಅವಳು ಎದುರಿಗಿದ್ದವನನ್ನೇ ನೋಡಿದಳು.

"ನಿಮ್ಮಷ್ಟ."

ಅವನು ಗೋಡೆಗೆ ಬೆನ್ನು ಕೊಟ್ಟು, ತನ್ನ ನೆತ್ತಿಯ ಸಮಕ್ಕೆ ಪೆನ್ಸಿಲಿನಿಂದ ಗೆರೆ ಎಳೆದ. ರೋಜಾ ಬದನೆಕಾಯಿ ಕಡೆ ಬಗ್ಗಿದಳು. ಮುಖ ಬಿಸಿಯಾಗಿತ್ತು.

ಕೆಲಸ ಸುರುವಾದ ಮೇಲೆ, ದಿನವೂ ಅವಳು ಲ್ಯಾಬಿನಿಂದ ಮರಳುವ ಹೊತ್ತಿಗೆ ಅವನ ದಿನದ ಕೆಲಸ ಮುಗಿಯುತ್ತ ಬಂದಿರುತ್ತಿತ್ತು. ಮಂಚ ಗೋಡೆಗೆ ಮಡಚಿಕೊಂಡರೆ ಅದರ ಬೆನ್ನಿನಿಂದ ಟೇಬಲ್ ಇಳಿಯುವಂತೆ ಮಾಡಿದ. ಕಿಟಕಿಯ ಕೆಳಗೆ, ಅಮೃತವ್ವ ಹೇಳಿರದ ಒಂದು ಉದ್ದ ಪೆಟ್ಟಿಗೆ. ಒಳಗೆ ಅರಿವೆ, ಮೇಲೆ ಕೂರುವ ಜಾಗ.

"ಚಾಕ್ಕ ಸಕ್ರಿ ಕಮ್ಮಿ ಆಗೇತ್ರಿ," ಎನ್ನುತ್ತಿದ್ದ, ಅವಳು ಮಾಡಿಕೊಟ್ಟ ಚಹಾ ಕುಡಿಯುತ್ತ.

"ಖಾಲಿ ಹೊಟ್ಟೀಲೆ ಲ್ಯಾಬಿಗೆ ಬರ್ರಿ. ಶುಗರ್ ನೋಡಿ ಹಾಕೂನು."

"ಸೂಜಿ ಚುಚ್ಚವರು ನೀವ ಏನು? ಹಂಗಾರ ಬರ್ತೀನಿ."

ಅವನು ನಕ್ಕಾಗ ಕಣ್ಣು ಚಹಾ ಕಪ್ಪಿನ ಅಂಚಿನಿಂದ ಮೇಲೇರಿ ಅವಳಲ್ಲಿ ಒಂದು ಕ್ಷಣ ನಿಂತು, ಕರಿಮಣಿ ಕಂಡು ಕೆಳಗಿಳಿಯುತ್ತಿತ್ತು. ಅದು ಇಳಿಯುವುದನ್ನು ಅವಳು ದಿನವೂ ನೋಡಿದಳು. ಅವನ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. "ನಂದು ನಾಕ ಖೋಲಿ ಮನಿ. ಒಂದರಾಗಷ್ಟ ಇರ್ತೀನಿ. ಉಳಿದದ್ದು ಕಸಾ ಹೊಡ್ಯಾಕ," ಎಂದಿದ್ದ.

ಕೊನೆಯ ದಿನ ಕಪ್ಪು ಕೆಳಗಿಟ್ಟು ಹೇಳಿದ, "ಬಾಜೂ ಮನಿ ಕೆಲಸಕ್ಕ ನಮ್ಮ ಅಂಗಡ್ಯಾಗಿನ ಹನಮಂತನ್ನ ಕಳಸ್ತೀನಿ."

"ನೀವು ಬರೂದಿಲ್ಲೇನು?"

"ಇಲ್ರಿ." ಅವನು ಟೇಪನ್ನು ಎಳೆದು ಬಿಟ್ಟ. "ಇದು ಇನ್ನೊಬ್ಬರ ಮನಿ. ಇಲ್ಲಿ ಕುಂತ ಚಾ ಕುಡ್ಯೂದು ನನಗ ಭಾಳ ರೂಢಿ ಆಗಾಕ ಹತ್ತೇತಿ. ಗೋವಾದಾಗ ದುಡಿಯೋ ಮನುಷ್ಯಾಗ ಅದು ಚಲೋ ಅಲ್ಲ. ಅವ್ರು ಬಂದ್ರ ಮಂಚ ಸರಿ ಆತೋ ಇಲ್ಲೋ ಹೇಳ್ರಿ."

ರೋಜಾ ಬಾಯಿ ತೆರೆದಳು. ಕೆಳಗೆ ಅಮೃತವ್ವ ಅಂಗಳ ಗುಡಿಸುವ ಸಪ್ಪಳ ತೆರೆದ ಕಿಟಕಿಯಿಂದ ಬರುತ್ತಿತ್ತು. ಇಲ್ಲಿ ಆಡಿದ್ದು ಅಲ್ಲಿಗೆ ಕೇಳುತ್ತದೆ. ಖರೆ ಹೇಳಿದರೆ ಮನೆ ಹೋಗುತ್ತದೆ, ಮತ್ತೆ ಬಾಗಿಲಿಂದ ಬಾಗಿಲಿಗೆ. "ಆತ್ರಿ," ಎಂದಳು. ಅವನು ಮೆಟ್ಟಿಲಿಳಿದ.

ಅಮೃತವ್ವ ಮೇಲೆ ಬಂದು ಮಂಚ ಇಳಿಸಿದಳು, ಮಡಚಿದಳು, ಮತ್ತೆ ಇಳಿಸಿದಳು. ಪೆಟ್ಟಿಗೆಯ ಮೇಲೆ ಕೂತು ನೋಡಿ, "ಎರಡ ಮಂದಿ ಕುಂದರೂವಂಗ ಮಾಡ್ಯಾನ ನೋಡ. ಇದಕ್ಕ ರೊಕ್ಕಾನೂ ಕೇಳ್ಲಿಲ್ಲ," ಎಂದಳು.

ರೋಜಾ ಆ ಪೆಟ್ಟಿಗೆಯನ್ನೇ ನೋಡಿದಳು. ಈ ಖೋಲಿ ಸಿಗಲೆಂದು ಇಲ್ಲದ ಗಂಡನೊಬ್ಬನನ್ನು ಮಾತಿನಲ್ಲೇ ಕಟ್ಟಿದ್ದಳು. ಈಗ ಆ ಗೋವಾದವನೇ ಬಾಗಿಲಿಗೆ ಅಡ್ಡ ನಿಂತಿದ್ದ.

ಭಾನುವಾರ ಲ್ಯಾಬಿಗೆ ರಜೆ. ಮುಂಡರಗಿಯ ಬಸ್ಸು ಹತ್ತುವುದು. ಮೊದಲು ಅವನಿಗೆ ಹೇಳುವುದು; ಸುಳ್ಳಿ ಎಂದು ಮುಖ ತಿರುಗಿಸಿದರೆ ತಿರುಗಿಸಲಿ. ಮರಳಿ ಬಂದು ಅಮೃತವ್ವನಿಗೂ ಹೇಳುವುದು, ಖೋಲಿ ಹೋದರೂ ಸರಿ.

"ಯಾಕವಾ, ಪೆಟಗೀನ ಹಂಗ ನೋಡಾಕತ್ತಿ?"

"ಏನಿಲ್ರಿ ಅವ್ವಾರ," ಎಂದ ರೋಜಾ, ಟೇಬಲಿನ ಮೇಲಿದ್ದ ಕಟ್ಟಿಗೆಯ ಪುಡಿ ಒರೆಸತೊಡಗಿದಳು.