ನೆಟ್ಟಗೆ ಹಾರಿದ ಅಪರಾಧ

ವಿಮಾನ ಇಳಿಯಿತು. ಒಳಗಿಂದ ಕ್ಯಾಪ್ಟನ್ ಇಳಿದರು. ಮುಖ ಸುಣ್ಣ ಬಳಿದ ಗೋಡೆ.

"ಯಾರೋ ಇದನ್ನ ಮುಟ್ಟಿದ್ದಾರೆ" ಅಂದರು.

ಹಲ್ಲಿನ ಡಾಕ್ಟರು ಓಡಲಿಲ್ಲ. ನಡೆದೇ ಹತ್ತಿರ ಹೋದರು. "ಏನಾಯ್ತು?"

"ನೆಟ್ಟಗೆ ಹಾರ್ತು."

"ನೆಟ್ಟಗೆ?"

"ಹಾರಿಸೋ ಕೋಲು ಬಿಟ್ಟು ಕೈಕಟ್ಟಿ ಕೂತೆ. ಗೆರೆ ಎಳೆದ ಹಾಗೆ ಹೋಯ್ತು. ಇನ್ನೊಂದು ಸುತ್ತು ಹಾಕಿದ್ರೆ ನಿದ್ದೆ ಬಂದಿರೋದು."

ಇದರಲ್ಲಿ ಅಪರಾಧ ಎಲ್ಲಿಂದ ಬಂತು ಅಂತ ಕೇಳ್ತೀರಿ. ಕೇಳಬೇಕಾದ್ದೇ.

ಆ ವಿಮಾನ ಡಾಕ್ಟರೂ ಅವರ ತಮ್ಮನೂ ಸೇರಿ ಮನೆ ಹಿಂದಿನ ಶೆಡ್ಡಿನಲ್ಲಿ ಕಟ್ಟಿದ್ದು. ಒಂದೇ ಸೀಟು, ಮೈತುಂಬ ಬಟ್ಟೆ ಹೊದಿಕೆ, ಹೊಲಿಗೆ ಎಲ್ಲ ಡಾಕ್ಟರ ಹೆಂಡತಿಯದು. ಹಾರಿದ ಮೊದಲ ದಿನದಿಂದ ಎಡಕ್ಕೆ ವಾಲುತ್ತಿತ್ತು. ಬಸ್ಸಿನಲ್ಲಿ ಪಕ್ಕದವರ ಪೇಪರ್ ಓದೋ ಮಾವನ ಹಾಗೆ. ಪರೀಕ್ಷೆಗೆ ಹಾರಿಸೋ ಕ್ಯಾಪ್ಟನ್ ಕೋಲನ್ನ ಬಲಕ್ಕೆ ಒತ್ತಿ ಹಿಡಿದು ಹಿಡಿದು, ಮನೆಯಲ್ಲಿ ನೀರಿನ ಲೋಟ ಎತ್ತಿದರೂ ಬಲಕ್ಕೆ ಚೆಲ್ಲೋರು. ತಿಂಗಳುಗಟ್ಟಲೆ ನೋಡಿ ನೋಡಿ ಏರ್‌ಫೀಲ್ಡಿನ ಕಾಗೆಗಳೂ ವಾಲಿಕೊಂಡೇ ಹಾರ್ತಾ ಇದ್ದವು ಅಂತ ಮೆಕ್ಯಾನಿಕ್ ಹೇಳ್ತಾನೆ. ಅವನು ಸುಳ್ಳು ಹೇಳೋನಲ್ಲ. ಅಳತೆ ಸ್ವಲ್ಪ ಧಾರಾಳ.

ರೆಕ್ಕೆ ಕೂರಿಸಿದ ಕೋನ ತಿದ್ದಿದರು, ತಂತಿ ಬಿಗಿದರು. ವಾಲೋದು ಕಮ್ಮಿಯಾಯ್ತು, ಪೂರ್ತಿ ಹೋಗಲಿಲ್ಲ. ಕೊನೆಗೆ ನಿನ್ನೆ ಸಂಜೆ ಮೆಕ್ಯಾನಿಕ್ ಎಡಗಡೆ ಐಲೆರಾನಿಗೆ—ರೆಕ್ಕೆಯ ಹಿಂದಂಚಿನಲ್ಲಿ ಮೇಲೆ ಕೆಳಗೆ ಆಡೋ ಹಲಗೆ ಇದೆಯಲ್ಲ, ಅದಕ್ಕೆ—ಅಂಗೈಯಗಲದ ಒಂದು ಅಲ್ಯೂಮಿನಿಯಂ ತಗಡು ಕೂರಿಸಿದ. ಆ ತಗಡನ್ನ ಒಂದಿಷ್ಟು ಬಗ್ಗಿಸಿದರೆ ರೋಗ ವಾಸಿ. ಆದರೆ ಕ್ಯಾಪ್ಟನ್ನರದು ಒಂದೇ ಮಂತ್ರ: ಒಂದು ಸಲಕ್ಕೆ ಒಂದೇ ಬದಲಾವಣೆ. ಇವತ್ತು ತಗಡು ಚಪ್ಪಟೆ ಇದ್ದ ಹಾಗೇ ಹಾರಬೇಕು. ಬಗ್ಗಿಸೋದು ನಾಳೆ. ಕೈಬಿಟ್ಟರೂ ಯಾವತ್ತು ನೆಟ್ಟಗೆ ಹಾರುತ್ತೋ, ಅವತ್ತಿಂದ ವಿಮಾನ ಡಾಕ್ಟರದು. ಹಾರಿಸೋ ಲೈಸೆನ್ಸ್ ಅವರ ಜೇಬಲ್ಲೇ ಇತ್ತು.

ಈಗ ಎಲ್ಲರೂ ಬಗ್ಗಿ ನೋಡಿದರು. ತಗಡು ಉಗುರಿನಷ್ಟು ಮೇಲಕ್ಕೆ ಬಗ್ಗಿತ್ತು.

"ಹಾರೋ ಮುಂಚೆ ನೋಡ್ಲಿಲ್ವಾ ಸಾರ್?" ಅಂದ ಮೆಕ್ಯಾನಿಕ್.

ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡರು. "ಗಟ್ಟಿಯಾಗಿದೆಯಾ ಅಂತ ಅಲ್ಲಾಡಿಸಿದೆ."

"ಅಲ್ಲಾಡಿಸಿದ್ರಿ."

"ನೀನು ಬಾಯಿ ಮುಚ್ಚು. ಬಗ್ಗಿಸಿದ್ದು ನೀನೇ ತಾನೆ? ನಾಳೆ ತನಕ ತಡೆಯೋಕಾಗ್ಲಿಲ್ಲ."

"ನಾನ್ಯಾಕೆ ಬಗ್ಗಿಸ್ಲಿ? ಹಾರೋ ಆತುರ ಇರೋದು ಡಾಕ್ಟ್ರಿಗೆ."

ಇಬ್ಬರೂ ಡಾಕ್ಟರ ಕಡೆ ತಿರುಗಿದರು.

ಡಾಕ್ಟರು ಕೋಪ ಬರುತ್ತಾ ಅಂತ ಕಾದು ನೋಡಿದರು. ಬರಲಿಲ್ಲ. ಕಳೆದ ವರ್ಷ ತಮ್ಮ ಹೋದ. ವಿಮಾನದಿಂದ ಬಿದ್ದಲ್ಲ, ಕುರ್ಚಿಯಲ್ಲಿ ಕೂತು ಪೇಪರ್ ಓದ್ತಾ ಓದ್ತಾ. ಅವತ್ತಿಂದ ಡಾಕ್ಟರಿಗೆ ಏನೂ ಆಗ್ತಿರಲಿಲ್ಲ. ಊರಿನ ದವಡೆಗಳನ್ನೆಲ್ಲ ಮರಗಟ್ಟಿಸಿದ ಸೂಜಿ ಒಂದಿನ ಕೈತಪ್ಪಿ ತನಗೇ ಚುಚ್ಚಿಕೊಂಡಿತೋ ಏನೋ. ಅಳು ಇಲ್ಲ, ನಗು ಇಲ್ಲ, ಊಟಕ್ಕೆ ಕರೆದರೆ ಊಟ.

"ನಾನಲ್ಲ" ಅಂದರು. ಬೇರೆಯವರ ವಿಷಯ ಹೇಳಿದ ಹಾಗಿತ್ತು.

"ಯಾರು ಅಂತ ಗೊತ್ತಾಗೋವರೆಗೂ ಇದು ನೆಲ ಬಿಡಲ್ಲ" ಅಂದರು ಕ್ಯಾಪ್ಟನ್. "ಕಣ್ಣಿಗೆ ಕಾಣೋ ತಗಡು ಮುಟ್ಟಿದೋನು ಕಾಣದ್ದು ಇನ್ನೇನೇನು ಮುಟ್ಟಿದ್ದಾನೋ. ಬಿಚ್ಚಿ ಹಾಕಿ ಮತ್ತೆ ಮೊದಲಿಂದ."

"ಕ್ಯಾಪ್ಟನ್ನೇ, ಸ್ವಲ್ಪ ತಡೀರಿ."

ಮಾತಾಡಿದ್ದು ಡಾಕ್ಟರ ಅಕ್ಕ. ಆಕೆ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿದ್ದವರು, ಮಕ್ಕಳು ಇಟ್ಟ ಹೆಸರು ಕೆಂಪುಶಾಯಿ. ತಮ್ಮಂದಿರು ಕಟ್ಟಿದ ವಿಮಾನ ಹಾರೋದನ್ನ ನೋಡಬೇಕು ಅಂತ ಬಂದು, ವಿಮಾನ ನಿಲ್ಲಿಸೋ ಹ್ಯಾಂಗರಿನ ಬಾಗಿಲಲ್ಲಿ ಮಡಚೋ ಕುರ್ಚಿ ಹಾಕಿ ಕೂತಿದ್ದರು. ಆಕೆ ಪರೀಕ್ಷಾ ಕೊಠಡಿಗೆ ಕಾಲಿಟ್ಟರೆ, ಓದಿ ಬಂದ ಹುಡುಗರಿಗೂ ತಾವು ಕಾಪಿ ಹೊಡೆದಿದ್ದೀವಿ ಅನ್ನಿಸ್ತಿತ್ತಂತೆ.

ಆಕೆ ಎದ್ದು ಬಂದು ತಗಡಿನ ಮಡಿಕೆ ಮೇಲೆ ಬೆರಳಾಡಿಸಿದರು. ಬೆರಳ ತುದಿ ನೋಡಿಕೊಂಡರು. ಸೆರಗಿಗೆ ಒರೆಸಿಕೊಂಡರು.

"ನಿನ್ನೆ ಸಂಜೆ ಇಲ್ಲಿ ಯಾರ್ಯಾರಿದ್ರಿ?"

"ನಾವು ಮೂವರೇ" ಅಂದ ಮೆಕ್ಯಾನಿಕ್. "ಅಮ್ಮಾವ್ರು ಎಂದಿನಂತೆ ಕೊನೇಲಿ ರೆಕ್ಕೆಗೆ ಗೌಸು ಹೊದಿಸಿ ಬೀಗ ಹಾಕ್ಕೊಂಡು ಬಂದ್ರು."

ಅಮ್ಮಾವ್ರು ಅಂದರೆ ಡಾಕ್ಟರ ಹೆಂಡತಿ. ಹ್ಯಾಂಗರಿನ ಒಳಗೆ ಅದೇ ಗೌಸುಗಳನ್ನ ಮಡಚ್ತಾ ಇದ್ದರು.

"ಸರಿ. ನನಗೆ ವಿಮಾನ ಗೊತ್ತಿಲ್ಲ, ಹೇಳಿಕೊಡಿ" ಅಂದರು ಅಕ್ಕ. "ಎಡಗಡೆ ಐಲೆರಾನ್ ಮೇಲೆದ್ರೆ ಎಡ ರೆಕ್ಕೆ ಏನಾಗುತ್ತೆ?"

"ಕೆಳಗೆ ಹೋಗುತ್ತೆ."

"ಈ ತಗಡೂ ಮೇಲಕ್ಕೇ ಬಗ್ಗಿದೆ. ಹಂಗಾದ್ರೆ ರೆಕ್ಕೆ ಇನ್ನೂ ಕೆಳಗೆ ಹೋಗ್ಬೇಕಿತ್ತು ತಾನೆ?"

ಮೆಕ್ಯಾನಿಕ್ ನಕ್ಕ. "ಅಲ್ಲೇ ಇರೋದು ನೋಡಿ, ಟೀಚರೇ. ತಗಡು ಮೇಲೆ ಬಗ್ಗಿದ್ರೆ ಗಾಳಿ ಅದನ್ನ ಕೆಳಕ್ಕೆ ಒತ್ತುತ್ತೆ. ತಗಡಿನ ಜೊತೆ ಐಲೆರಾನೇ ಕೆಳಗೆ ಇಳಿಯುತ್ತೆ. ರೆಕ್ಕೆ ಮೇಲೇಳುತ್ತೆ. ಎಲ್ಲ ಉಲ್ಟಾ."

"ಇದು ನಿಮ್ಮ ಮೂವರಿಗೂ ಗೊತ್ತು."

"ಗೊತ್ತಿಲ್ದೆ?"

"ಗೊತ್ತಿದ್ದು ಬಗ್ಗಿಸಿದ್ರೆ ರಿಪೇರಿ. ಕ್ಯಾಪ್ಟನ್ ಕೆಳಗಿಳಿದು ನೆಟ್ಟಗೆ ಹಾರ್ತು ಅಂದಾಗ, ರಿಪೇರಿ ಮಾಡಿದೋನು ಒಂದು ಸಲನಾದ್ರೂ ಮೀಸೆ ಕೆಳಗೆ ನಗ್ಬೇಕಿತ್ತು. ಇಷ್ಟು ವರ್ಷದಲ್ಲಿ ಸರಿ ಉತ್ತರ ಬರೆದು ಸ್ಲೇಟು ಬಚ್ಚಿಟ್ಟ ಮಗೂನ ನಾನು ನೋಡಿಲ್ಲ."

"ನಾನು ಬೈತೀನಿ ಅಂತ ಸುಮ್ನಿದ್ದಾನೆ" ಅಂದರು ಕ್ಯಾಪ್ಟನ್.

"ಇರಬಹುದು. ಏನಪ್ಪಾ, ತಗಡಿನ ಮೇಲೆ ಗುರುತು ಹಾಕೋಕೆ ನೀನು ಏನು ಬಳಸ್ತೀಯ?"

"ಮಾರ್ಕರ್ ಪೆನ್ನು." ಜೇಬಿಂದ ತೆಗೆದು ತೋರಿಸಿದ.

"ನಾನು ಮುಟ್ಟಿದಾಗ ಈ ಮಡಿಕೆ ಉದ್ದಕ್ಕೂ ನೀಲಿ ಪುಡಿ ಇತ್ತು. ಚಾಕ್‌ಪೀಸಿನ ಪುಡಿ. ಸ್ಕೂಲಿನ ಚಾಕ್‌ಪೀಸಲ್ಲ, ಅದು ನನ್ನ ಉಗುರಲ್ಲಿ ಇವತ್ತಿಗೂ ಇದೆ. ಹೊಲಿಯೋರು ಬಟ್ಟೆ ಮೇಲೆ ಗೆರೆ ಎಳೆಯೋ ಚಾಕ್‌ಪೀಸು. ಗೆರೆ ಎಳೆದು, ಸ್ಕೇಲು ಒತ್ತಿ ಹಿಡಿದು ಮಡಚಿದ್ದಾರೆ. ಅದಕ್ಕೇ ಇಷ್ಟು ಅಚ್ಚುಕಟ್ಟು."

ಮೆಕ್ಯಾನಿಕ್ ಬಗ್ಗಿ ಮಡಿಕೆ ನೋಡಿದ.

"ಇದು ತಪ್ಪು ದಾರೀಲಿ ಬಂದ ಸರಿ ಉತ್ತರ" ಅಂದರು ಅಕ್ಕ. ದನಿ ಏರಲಿಲ್ಲ. "ರೆಕ್ಕೆ ಇನ್ನಷ್ಟು ವಾಲಲಿ ಅಂತ ಬಗ್ಗಿಸಿದ್ದು. ಐಲೆರಾನ್ ಮೇಲೆದ್ರೆ ರೆಕ್ಕೆ ಕೆಳಗೆ ಅನ್ನೋದು ಆ ಮನುಷ್ಯರಿಗೆ ಬಾಯಿಪಾಠ. ತಗಡಿನ ಉಲ್ಟಾ ಪಾಠ ಮಾತ್ರ ಗೊತ್ತಿಲ್ಲ, ಯಾಕಂದ್ರೆ ತಗಡು ಬಂದಿದ್ದೇ ನಿನ್ನೆ. ಲೋ ತಮ್ಮಾ, ಐಲೆರಾನ್ ಮಾತ್ರ ಬಾಯಿಪಾಠ ಇರೋರು ಯಾರೋ?"

ಡಾಕ್ಟರಿಗೆ ಶೆಡ್ಡು ಕಣ್ಮುಂದೆ ಬಂತು. ತಮ್ಮ ಎಡ ರೆಕ್ಕೆ ಹತ್ತಿರ, ತಾನು ಬಲ ರೆಕ್ಕೆ ಹತ್ತಿರ. ಇನ್ನೂ ಬಟ್ಟೆ ಹೊದಿಸದ ಪಂಜರದೊಳಗೆ, ಸೀಟಿನಲ್ಲಿ, ಕೋಲು ಹಿಡಿದು ಹೆಂಡತಿ. "ಎಡಕ್ಕೆ" ಅಂದರೆ ಎಡಕ್ಕೆ ಎಳೆದು, "ಎಡ ಮೇಲೆ, ಬಲ ಕೆಳಗೆ" ಅಂತ ರಾಗವಾಗಿ ಹೇಳೋಳು. ಸಂಜೆ ಸಂಜೆ, ವರ್ಷಗಟ್ಟಲೆ. ತಮ್ಮ ಅವಳಿಗೆ ಪೈಲಟ್ ಅತ್ತಿಗೆ ಅಂತಲೇ ಕರೀತಿದ್ದ.

ಡಾಕ್ಟರು ಹ್ಯಾಂಗರಿನ ಒಳಗೆ ನೋಡಿದರು. ಹೆಂಡತಿ ಗೌಸು ಮಡಚೋದು ನಿಲ್ಲಿಸಿದ್ದರು.

"ನಾನೇ" ಅಂದರು. "ಬೇರೇನೂ ಮುಟ್ಟಿಲ್ಲ, ಕ್ಯಾಪ್ಟನ್. ಬಿಚ್ಚೋದೇನೂ ಬೇಡ."

ಕ್ಯಾಪ್ಟನ್ ಟೋಪಿ ತೆಗೆದರು. "ಅಮ್ಮಾ, ಮೇಲೆ ಇದ್ದೋನು ನಾನು."

"ಇಷ್ಟು ದಿನ ವಾಲಿಸಿಕೊಂಡೇ ಹಾರಿಸಿದ್ರಲ್ಲ. ಇನ್ನೊಂದು ಚೂರು ವಾಲಿದ್ರೆ ಬೈಕೊಂಡು ಇಳೀತೀರ, ಇನ್ನೆರಡು ತಿಂಗಳು ತಿದ್ದಬೇಕು ಅಂತೀರ ಅಂದ್ಕೊಂಡೆ. ತಪ್ಪಾಯ್ತು. ನೀವು ಎಷ್ಟು ಬೈದ್ರೂ ಕೇಳಿಸ್ಕೋತೀನಿ."

ಕ್ಯಾಪ್ಟನ್ ಬೈಯಲಿಲ್ಲ. ಬೈಗುಳದ ಭಂಡಾರ ಇದ್ದ ಮನುಷ್ಯ, ಒಂದೂ ಸಿಗಲಿಲ್ಲ.

"ಯಾಕೆ?" ಅಂದರು ಡಾಕ್ಟರು. "ಬೇಡ ಅಂದಿದ್ರೆ ಆಗ್ತಿತ್ತು."

"ಬೇಡ ಅಂದೆ. ಹೂಂ ಅಂದ್ರಿ. ಹೂಂ ಅಂದು ಬೂಟು ಹಾಕ್ಕೊಂಡ್ರಿ." ಆಕೆ ಹತ್ತಿರ ಬಂದರು. "ಹೋದ ವಾರ ಬಿಸಿ ಸೈಲೆನ್ಸರ್ ಮೇಲೆ ಕೈ ಊರಿ ನಿಂತಿದ್ರಿ. ಚರ್ಮ ಸುಟ್ಟ ವಾಸನೆ ಅಷ್ಟು ದೂರ ಇದ್ದ ನನಗೆ ಬಂತು. ನಿಮಗೆ ಬರ್ಲಿಲ್ಲ. ನಾನು ಕೂಗಿದ ಮೇಲೆ ಕೈ ತೆಗೆದ್ರಿ, ಅದೂ ಬೇರೆಯವರ ಕೈ ತೆಗೆದಿಟ್ಟ ಹಾಗೆ. ಮೇಲೆ ಹೋದಾಗ ನಾನೆಲ್ಲಿಂದ ಕೂಗ್ಲಿ? ಅಲ್ಲಿರೋದು ಒಂದೇ ಸೀಟು."

ಡಾಕ್ಟರು ಅಂಗೈ ನೋಡಿಕೊಂಡರು. ಹೌದು, ಅಲ್ಲೊಂದು ಗಾಯ ಇತ್ತು.

ಅಕ್ಕ ಕುರ್ಚಿ ಮಡಚಿದರು. "ನನ್ನ ಕೆಲಸ ಉತ್ತರ ತಿದ್ದೋದು. ಪಾಸು ಫೇಲು ನೀವೇ ನೋಡ್ಕೊಳ್ಳಿ" ಅಂತ ಕಾರಿನ ಕಡೆ ನಡೆದರು.

ಕ್ಯಾಪ್ಟನ್ ಒಂದು ಸುತ್ತು ಹಾಕಿ ಎಲ್ಲ ಕೀಲು, ಎಲ್ಲ ಮೊಳೆ ನೋಡಿದರು. ಈ ಸಲ ಅಲ್ಲಾಡಿಸಿದ್ದಲ್ಲದೆ ಬಗ್ಗಿಯೂ ನೋಡಿದರು. "ಕೊಟ್ಟ ಮಾತು ಮಾತೇ. ನೆಟ್ಟಗೆ ಹಾರ್ತು. ಡಾಕ್ಟ್ರೇ, ಇನ್ನು ನಿಮ್ಮದು. ನಾನು ತಡೆಯಲ್ಲ."

ಡಾಕ್ಟರು ಹತ್ತಿ ಕೂತರು. ಕೂತಿದ್ದು ಕಾಲು, ಕೈ, ಅಭ್ಯಾಸ. ಹೆಂಡತಿ ರೆಕ್ಕೆಯ ಮೇಲೆ ಕಾಲಿಟ್ಟು ಹತ್ತಿ ಬಂದು ಬೆಲ್ಟಿನ ಎರಡು ತುದಿ ಎತ್ತಿಕೊಂಡರು. ಕಟ್ಟಲಿಲ್ಲ.

"ಒಂದೇ ಮಾತು ಕೇಳ್ತೀನಿ" ಅಂದರು. "ಭಯ ಆಗ್ತಿದೆಯಾ?"

ಡಾಕ್ಟರು ಒಳಗೆ ಹುಡುಕಿದರು. ಹಲ್ಲು ಕಿತ್ತ ಜಾಗದಲ್ಲಿ ನಾಲಿಗೆ ಹುಡುಕೋ ಹಾಗೆ, ಅತ್ತ ಇತ್ತ. ಸುಳ್ಳು ಹೇಳಬಹುದಿತ್ತು. ಒಂದು ಹೂಂ ಸಾಕಿತ್ತು. ಹೂಂ ಅನ್ನೋದು ಅವರಿಗೆ ಆ ವರ್ಷವೆಲ್ಲ ಅಭ್ಯಾಸವಾಗಿತ್ತು. ಮೆಕ್ಯಾನಿಕ್ ಪ್ರೊಪೆಲ್ಲರ್ ಮೇಲೆ ಕೈಯಿಟ್ಟು ಕಾಯ್ತಾ ಇದ್ದ.

"ಇಲ್ಲ" ಅಂದರು.

"ಹಾಗಾದ್ರೆ ಇಳೀರಿ."

ಡಾಕ್ಟರು ಇಳಿದರು.